ಧೂಳು ಒಯ್ಯುವವಳು ಬರುವ ಮುಂಚೆ

ಮನೆ, ಮುಂದಿನ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಸೊಸೆಗೆ,

ಮಗಳಂಥವಳಿಗೆ ಅಂತ ಬರೆಯಲು ಹೊರಟೆ, ಕೈ ತಡೆಯಿತು. ಹಾಗೆ ಕರೆಯಬಹುದೋ ಬೇಡವೋ, ಇದನ್ನು ಓದಿ ನೀನೇ ಹೇಳು. ಹೇಗಿದ್ದೀಯ? ನಾಲ್ಕು ತಿಂಗಳು ತುಂಬಿತಲ್ಲ, ಬೆಳಗಿನ ವಾಂತಿ ನಿಂತಿತೇ? ತರಬೇತಿಯ ಹಾಸ್ಟೆಲಿನ ಊಟ ಸೇರುತ್ತದೆಯೇ? ಕಾರ್ಖಾನೆಯಲ್ಲಿ ದಿನವಿಡೀ ಕನ್ನಡಕದ ಗಾಜು ತಿಕ್ಕಿ ತಿಕ್ಕಿ ಕೊನೆಗೆ ನಿನಗೇ ಒಂದು ಕನ್ನಡಕ ಬೇಕಾದೀತು ಅಂತ ನಿನ್ನ ಮಾವ ತಮಾಷೆ ಮಾಡುತ್ತಿರುತ್ತಾರೆ. ಬುಗುರಿ ಚೆನ್ನಾಗಿದ್ದಾಳೆ. ನಿಂತಲ್ಲಿ ನಿಲ್ಲದ ಮೊಮ್ಮಗಳಿಗೆ ನಾನಿಟ್ಟ ಹೆಸರು ಸುಳ್ಳಾಗಿಲ್ಲ. ಹೋದ ವಾರ ಎರಡು ಸಲ ಉಬ್ಬಸ ಬಂತು, ಬಾಯಿಗೆ ಔಷಧಿಯ ಪಂಪು ಹಾಕಿದ ಮೇಲೆ ಇಳಿಯಿತು. ಮೊಣಕೈ ಮಡಿಕೆಯ ತುರಿಕೆಗೆ ದಿನಾ ಮುಲಾಮು ಹಚ್ಚುತ್ತಿದ್ದೇನೆ. ನಿನ್ನೆ ಹಚ್ಚುವಾಗ, "ಅಜ್ಜಿ, ಅಮ್ಮ ಹಾಲು ಕೊಡ್ಲಿಲ್ಲ ಅಂತ ನಂಗೆ ತುರಿಕೆ ಬಂತಾ?" ಅಂತ ಕೇಳಿದಳು. ನಾಲ್ಕು ವರ್ಷದ ಮಗು ಈ ಮಾತು ಎಲ್ಲಿಂದ ಕಲಿತೀತು? ನನ್ನ ಬಾಯಿಂದಲೇ.

ಭಾನುವಾರ ನಿನ್ನ ಗಂಡ ಹೇಳಿದ, ತರಬೇತಿ ಅರ್ಧಕ್ಕೇ ಬಿಟ್ಟು ಕೆಲಸಕ್ಕೂ ರಾಜೀನಾಮೆ ಕೊಡುತ್ತೀಯಂತೆ. ಒಂದು ಮಗುವಿಗೆ ಮಾಡಿದ್ದು ಸಾಕು, ಇನ್ನೊಂದಕ್ಕೆ ಮಾಡಲಾರೆ ಅಂದೆಯಂತೆ. ಮೇಲ್ವಿಚಾರಕಿ ಆಗಲು ಆರು ವರ್ಷ ಕಾದವಳು ನೀನು. ಅಲ್ಲಿ ಯಾರೂ ನನ್ನ ಹೆಸರೆತ್ತಲಿಲ್ಲ, ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಊಟದ ಮಧ್ಯೆ ಎದ್ದು ಹೋದೆ.

ನೀನು ತರಬೇತಿಗೆ ಅಂತ ಆ ಊರಿಗೆ ಹೋದ ವಾರ ಮಕ್ಕಳ ಆಸ್ಪತ್ರೆಯ ನರ್ಸ್ ಬಂದಿದ್ದಳಲ್ಲ. ಹಸುಗೂಸಿಗೆ ಏನು ಕುಡಿಸಿದಿರಿ, ಆಗ ಮನೆ ಹೇಗಿತ್ತು, ಇದಕ್ಕೂ ಮಕ್ಕಳ ಅಲರ್ಜಿಗೂ ಏನಾದರೂ ಸಂಬಂಧ ಇದೆಯಾ ಅಂತ ಮನೆಮನೆಗೆ ಹೋಗಿ ಬರೆದುಕೊಳ್ಳುವುದು ಅವಳ ಕೆಲಸ. ಜೊತೆಗೊಂದು ಪುಟ್ಟ ಯಂತ್ರ. ಹಾಸಿಗೆಯ ಧೂಳು ಎಳೆದು ಡಬ್ಬಿಗೆ ತುಂಬಿಕೊಂಡು ಹೋಗುತ್ತಾಳೆ. ಬರುವ ದಿನ ಮೊದಲೇ ತಿಳಿಸಿದ್ದಳು. ನಾನೇನು ಮಾಡಿದೆ ಗೊತ್ತಾ? ಎರಡು ದಿನ ಮುಂಚೆಯೇ ಹಾಸಿಗೆ ಬಡಿದು ಬಿಸಿಲಿಗೆ ಹಾಕಿದೆ, ಪರದೆ ಒಗೆದೆ, ಮೂಲೆಮೂಲೆ ಒರೆಸಿದೆ. ಧೂಳು ಕೇಳಿಕೊಂಡು ಬಂದವಳಿಗೆ ಕೊಡಲು ಒಂದು ಚಿಟಿಕೆ ಧೂಳು ಉಳಿಸಲಿಲ್ಲ. ಹೊರಗಿನವಳು ನಮ್ಮ ಮನೆ ಗಲೀಜು ಅಂದುಬಿಟ್ಟರೆ ಅಂತ ಭಯ. ಇಷ್ಟು ಶುಚಿಯಾದ ಮನೆ ನೋಡೇ ಇಲ್ಲ ಅಂದಳು, ನಾನು ಹಿಗ್ಗಿ ಹೀರೇಕಾಯಿ ಆದೆ.

ಆಮೇಲೆ ಪ್ರಶ್ನೆಗಳು. ಮಗು ಮಲಗುವ ಕೋಣೆಯಲ್ಲಿ ಹತ್ತಿ, ಹಳೇ ಬಟ್ಟೆಯ ಕೆಲಸ ನಡೆದಿತ್ತಾ? ಇಲ್ಲ ಅಂದೆ. ಎದೆಹಾಲು ಎಷ್ಟು ದಿನ? ಎರಡೂವರೆ ತಿಂಗಳು ಅಂದೆ. ಯಾಕೆ ನಿಂತಿತು? "ಅವಳಿಗೆ ಕೆಲಸಾನೇ ಹೆಚ್ಚಾಯ್ತು" ಅಂದೆ. ಅದನ್ನೇ ಬರೆದುಕೊಂಡಳು. ಮಗುವಿನ ತಾಯಿ ಅಂತ ಅದರ ನಕಲು ನಿನಗೆ ಅಂಚೆಯಲ್ಲಿ ಬಂತು. ಅವತ್ತು ನೀನು ಫೋನಿನಲ್ಲಿ ಮಗುವಿನ ಹತ್ತಿರ ಕೂಡ ಮಾತಾಡಲಿಲ್ಲ.

ಈಗ ನಿಜ ಕೇಳು. ಬುಗುರಿ ಹುಟ್ಟಿದ ವರ್ಷ ನನ್ನ ಹಾಸಿಗೆ ಅಂಗಡಿಯ ಚಾವಣಿ ಸೋರುತ್ತಿತ್ತು. ನೀನು ಎಂಟಕ್ಕೆ ಕಾರ್ಖಾನೆಗೆ ಹೊರಟ ಮೇಲೆ ಗಿರಾಕಿಗಳ ಹಳೇ ಹಾಸಿಗೆ, ದಿಂಬು ಎಲ್ಲ ಈ ಕೋಣೆಗೆ ತಂದು ಬಿಚ್ಚುತ್ತಿದ್ದೆ. ಯಾರ್ಯಾರೋ ವರ್ಷಗಟ್ಟಲೆ ಮಲಗಿದ ಹತ್ತಿ. ಹಿಂಜಿದರೆ ಕೋಣೆ ತುಂಬ ಧೂಳೇಳುತ್ತಿತ್ತು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಮೂರು ಹೆಜ್ಜೆ ಆಚೆ ತೊಟ್ಟಿಲಿತ್ತು, ಅದರೊಳಗಿನ ಮೂಗು ನೆನಪಾಗಲಿಲ್ಲ. ಸಂಜೆ ನೀನು ಬರುವಷ್ಟರಲ್ಲಿ ಗುಡಿಸಿ ಒರೆಸಿ ಕಿಟಕಿ ತೆರೆದಿಡುತ್ತಿದ್ದೆ.

ಇನ್ನೊಂದನ್ನು ಬರೆಯುವುದು ಇದಕ್ಕಿಂತ ಕಷ್ಟ. ಮಧ್ಯಾಹ್ನ ಒಂದಕ್ಕೆ ನಾನು ಮಗುವನ್ನು ಕಾರ್ಖಾನೆ ಗೇಟಿಗೆ ಎತ್ತಿಕೊಂಡು ಬರುತ್ತಿದ್ದೆ, ಕಾವಲುಗಾರನ ಕೋಣೆಯಲ್ಲಿ ನೀನು ಹಾಲು ಕೊಡಲು ಕೂರುತ್ತಿದ್ದೆ. ಹನ್ನೆರಡಕ್ಕೇ ಅದು ಅಳಲು ಶುರು ಮಾಡಿದರೆ ನನ್ನ ಕೈಕೆಲಸ ನಿಲ್ಲುತ್ತಿತ್ತು. ಅದಕ್ಕೆ ಡಬ್ಬಿ ಹಾಲು ಕಲಸಿ ಬಾಟಲಿ ಬಾಯಿಗಿಟ್ಟುಬಿಡುತ್ತಿದ್ದೆ. ಹೊಟ್ಟೆ ತುಂಬಿದ ಮಗು ನಿನ್ನ ಮಡಿಲಲ್ಲಿ ಮುಖ ತಿರುಗಿಸುತ್ತಿತ್ತು. ಒಂದು ದಿನ ನಿನ್ನ ಅಂಗಿ ಎದೆಯ ಹತ್ತಿರ ಒದ್ದೆಯಾಗಿತ್ತು. "ಅತ್ತೆ, ಇವಳಿಗೆ ನಾನು ಬೇಡವಾದ್ನಾ?" ಅಂತ ನೀನು ಕೇಳಿದೆ. ಕೆಲಸಕ್ಕೆ ಹೋಗುವ ತಾಯಿಯ ಹಾಲು ಮಕ್ಕಳಿಗೆ ಒಗ್ಗುವುದಿಲ್ಲ ಅಂದೆ ನಾನು. ಎರಡು ವಾರದಲ್ಲಿ ನಿನ್ನ ಹಾಲು ಬತ್ತಿತು.

ನಿನ್ನೆ ನರ್ಸಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಇದರಿಂದಲೇ ಬಂತು ಅಂತ ಒಂದನ್ನು ಬೆರಳು ಮಾಡಿ ತೋರಿಸಲಾಗದು, ಹಾಲು, ಧೂಳು, ಹುಟ್ಟುಗುಣ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರಬಹುದು, ಗೊತ್ತಿಲ್ಲದ್ದಕ್ಕೇ ಮನೆಮನೆ ಅಲೆಯುತ್ತಿದ್ದೇವೆ ಅಂದಳು. ಅವಳಿಗೇ ತಿಳಿಯದ್ದನ್ನು ನಾನು ನಾಲ್ಕು ವರ್ಷ ತಿಳಿದವಳ ಹಾಗೆ ಆಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತಾರೆ. ನಾನು ಒಡೆದದ್ದಲ್ಲದೆ ಚೂರನ್ನೂ ನಿನ್ನ ಕೈಯಲ್ಲಿ ಹಿಡಿಸಿದೆ. ಕ್ಷಮಿಸು ಅನ್ನಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಅಮ್ಮ ಹಾಲು ಕೊಡಲು ಬರುತ್ತಿದ್ದಳು, ಅಜ್ಜಿಯೇ ಕೆಡಿಸಿದ್ದು ಅಂತ ಬುಗುರಿಗೂ ಹೇಳಿದೆ. ಅಮ್ಮ ನಿಂಗೆ ಬೈತಾಳೆ ಅಂದಳು. ಬೈಯಲಿ ಅಂದೆ.

ಹೊತ್ತುಹೊತ್ತಿಗೆ ಉಣ್ಣು, ಎಡಮಗ್ಗುಲಿಗೆ ಮಲಗು. ನೀನೂ ನಿನ್ನ ಹೊಟ್ಟೆಯಲ್ಲಿರುವುದೂ ನೂರು ವರ್ಷ ಸುಖವಾಗಿರಿ.

ಇಂತಿ,
ಬುಗುರಿಯ ಅಜ್ಜಿ

ಮರೆತೆ: ಅಂಚೆಯವನು ಬರುವ ಹೊತ್ತಾಯಿತು. ಗುರುವಾರ ನರ್ಸ್ ಪ್ರಶ್ನೆಗಳ ಹೊಸ ಹಾಳೆ ತರುತ್ತಾಳೆ. ಅಟ್ಟದಲ್ಲಿದ್ದ ಆಗಿನ ತೊಟ್ಟಿಲ ಹಾಸಿಗೆಯನ್ನು ಚೀಲದಲ್ಲಿ ಕಟ್ಟಿಟ್ಟಿದ್ದೇನೆ, ಬಡಿದಿಲ್ಲ. ಹಾಲು ಯಾಕೆ ನಿಂತಿತು ಅನ್ನುವಲ್ಲಿ ನನ್ನ ಹೆಸರು ಬರೆಸುತ್ತೇನೆ. ಆ ನಕಲು ನಿನ್ನ ಕೈಸೇರುವವರೆಗೆ ರಾಜೀನಾಮೆ ಕೊಡಬೇಡ. ನೀನು ಬೇಡ ಅನ್ನದಿದ್ದರೆ ಎರಡನೆಯದನ್ನೂ ಒಂದು ಗಂಟೆಗೆ ಗೇಟಿಗೆ ಎತ್ತಿಕೊಂಡು ಬರುತ್ತೇನೆ. ಈ ಸಲ ಹಸಿದ ಮಗುವನ್ನೇ ತರುತ್ತೇನೆ.