ಬೀಗ ಹಾಕಿದ ಮನೆಯಲ್ಲಿ ಎಲೆ ಅಡಿಕೆ

ಅಪ್ಪಾ,

ನಾನು, ಶೈಲಾ. ಈಗ ನಾನೂ ಅಮ್ಮನೂ ಹುಬ್ಬಳ್ಳಿಯಲ್ಲಿದ್ದೇವೆ. ನೀನಿದ್ದಿದ್ದರೆ ತುಮಕೂರು ಬಿಟ್ಟು ಬರಲು ಒಪ್ಪುತ್ತಿದ್ದೆಯಾ? ವರ್ಗಾವಣೆ ಆದೇಶ ಕೈಗೆ ಬಂದಾಗ ಮೊದಲು ನೆನಪಾದದ್ದು ನಿನ್ನ ಮುಖವೇ. ಸರ್ವಿಸ್ ಪೂರ್ತಿ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡಿದವನು ನೀನು. ಹೊಸ ಜನ ಅಂದರೆ ನಿನಗೆ ಮೊದಲು ಅನುಮಾನ, ಆಮೇಲೆ ನಮಸ್ಕಾರ. ಆ ಗುಣ ನನಗೂ ಬಂದಿದೆ.

ಮನೆ ಸಿಕ್ಕಿದ್ದು ದುರ್ಗದಬೈಲಿನ ಹಿಂದಿನ ಒಂದು ಓಣಿಯಲ್ಲಿ, ಮೇಲಿನ ಅಂತಸ್ತು. ಮೊದಲ ಸಂಜೆ ಅಮ್ಮನ ಕೈ ಹಿಡಿದುಕೊಂಡು ಪೇಟೆ ನೋಡಲು ಇಳಿದೆ. ಬಳೆ, ಪಾತ್ರೆ, ಸೀರೆ, ಗಿರ್ಮಿಟ್ ಮಂಡಕ್ಕಿಯ ಗಾಡಿಗಳು, ಬಾಣಲೆಯಲ್ಲಿ ಮಿರ್ಚಿ ಕರಿಯುವ ಘಾಟು, ಜನದ ನಡುವೆಯೇ ನುಗ್ಗುವ ಸ್ಕೂಟರುಗಳು. ಒಂದು ಗಳಿಗೆ ಕೈ ಸಡಿಲಿತು ನೋಡು, ಅಮ್ಮ ಇಲ್ಲ! ಆಮೇಲೆ ಸಿಕ್ಕಿದ್ದು ಬಳೆ ಅಂಗಡಿಯ ಮುಂದೆ. ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಇವರು ನಿಮಗೇನಾಗಬೇಕ್ರಿ? ಯಾವ ಊರು? ಇಲ್ಲೆ ಯಾರ ಮನ್ಯಾಗ ಅದೀರಿ?” ಅಂತ ಒಂದೇ ಉಸಿರಿಗೆ ಕೇಳಿದ. ಇವನಿಗ್ಯಾಕೆ? ನಾನು ಉತ್ತರ ಕೊಡದೆ ಅಮ್ಮನನ್ನು ಎಳೆದುಕೊಂಡು ಬಂದೆ.

ನೀನು ಹೋದ ಮೇಲೆ ಅಮ್ಮನ ಮರೆವು ಬೆಳೆಯುತ್ತಲೇ ಇದೆ. ಬೀದಿಗಿಳಿದರೆ ಮನೆಗೆ ದಾರಿ ಗೊತ್ತಾಗುವುದಿಲ್ಲ. ನನ್ನ ಆಫೀಸು ವಿದ್ಯಾನಗರದಲ್ಲಿ. ಬೇರೆ ದಾರಿ ಕಾಣದೆ, ಊಟ ಮುಚ್ಚಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗತೊಡಗಿದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಹೇಳು?

ಬೀಗ ಹಾಕಿ ಕೆಳಗಿಳಿದಾಗಲೆಲ್ಲ ಪಕ್ಕದ ಮನೆಯ ಗಂಗವ್ವ ತನ್ನ ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ನಡುಮನೆಯಲ್ಲಿ ಒಂದಿಷ್ಟು ಹೆಂಗಸರನ್ನು ಕೂರಿಸಿಕೊಂಡು ಜೋಳದ ರೊಟ್ಟಿ ಮಾಡಿಸಿ ಖಾನಾವಳಿಗಳಿಗೆ ಕೊಡುವವಳು ಆಕೆ.

“ಅಕ್ಕಾರ, ಹೊಂಟ್ರೇನು? ಅವ್ವಾರು ಒಬ್ಬರ ಇರ್ತಾರೇನ್ರಿ?”

“ಮಲಗಿರ್ತಾರೆ.”

“ಇಡೀ ದಿನಾ ಮಲಗ್ತಾರೇನ್ರಿ?”

ಆ ಪ್ರಶ್ನೆಯಲ್ಲಿ ಏನೋ ಇತ್ತು. ನಾನು ಓಣಿಯ ತಿರುವು ದಾಟುವವರೆಗೂ ಬೆನ್ನ ಮೇಲೆ ಆ ಕಣ್ಣು ಇರುತ್ತಿತ್ತು. ಕಿರಾಣಿ ಅಂಗಡಿಗೆ ಹೋದರೂ ಮಾತು ತಟ್ಟನೆ ನಿಲ್ಲುತ್ತಿತ್ತು. ಒಂಟಿ ಮುದುಕಿ, ಕೊರಳಲ್ಲಿ ಚಿನ್ನದ ಸರ, ಹಗಲಿಡೀ ಮನೆಯಲ್ಲಿ ಯಾರೂ ಇಲ್ಲ... ಓಣಿಗೆಲ್ಲ ಈ ಲೆಕ್ಕ ಗೊತ್ತಾಗಿದೆ ಅನ್ನಿಸಿತು.

ಒಂದು ಸಂಜೆ ಬೀಗ ತೆಗೆದು ಒಳಗೆ ಬಂದರೆ ಅಮ್ಮನ ಬಾಯಿ ಕೆಂಪಗಿತ್ತು. ಎಲೆ ಅಡಿಕೆ! ನಮ್ಮ ಮನೆಯಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. “ಯಾರು ಬಂದಿದ್ರಮ್ಮ?” ಅಂದೆ. “ಯಾರೂ ಇಲ್ವಲ್ಲ,” ಅಂದಳು. ಕೊರಳು ಮುಟ್ಟಿ ನೋಡಿದೆ, ಸರ ಇತ್ತು. ಮಾರನೆಯ ದಿನ, ಬೆಳಿಗ್ಗೆ ನಾನು ಹೆಣೆದ ಜಡೆ ಸಂಜೆಗೆ ತುರುಬಾಗಿತ್ತು, ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ ತುರುಬು. ಗಂಗವ್ವನ ಹತ್ತಿರ ನಮ್ಮ ಬೀಗದ ಇನ್ನೊಂದು ಕೀಲಿ ಇದೆ ಅಂತ ನನಗೆ ಖಾತ್ರಿಯಾಗಿಹೋಯಿತು. ಮೊದಲು ಸಲಿಗೆ, ಆಮೇಲೆ ಸರ. ಹಾಗಲ್ಲದೆ ಮತ್ತೇನು?

ಮರುದಿನ ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ ಮಧ್ಯಾಹ್ನವೇ ಬಂದೆ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಅಮ್ಮ ಇರಲಿಲ್ಲ. ಕೋಣೆ, ಬಚ್ಚಲು, ಮಂಚದ ಕೆಳಗೆ, ಎಲ್ಲ ಹುಡುಕಿದೆ, ಅಪ್ಪಾ. ಆಗ ಅಡುಗೆಮನೆಯ ಹಿಂದಿನ ಬಾಗಿಲು ತೆರೆದಿರುವುದು ಕಾಣಿಸಿತು. ನಾನು ಒಳಚಿಲಕ ಮಾತ್ರ ಹಾಕುತ್ತಿದ್ದ ಬಾಗಿಲು ಅದು, ತೆರೆಯುವುದು ತಾರಸಿಗೆ, ಇಲ್ಲಿಯವರ ಮಾತಿನ ಮಾಳಿಗೆಗೆ. ನಮ್ಮ ಮಾಳಿಗೆಗೂ ಗಂಗವ್ವನ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ. ದಾಟಿದೆ. ಅವಳ ಮನೆಯ ಮೆಟ್ಟಿಲನ್ನು ದಡದಡ ಇಳಿದೆ.

ಅಮ್ಮ ಆ ಹೆಂಗಸರ ನಡುವೆ ಕೂತು ರೊಟ್ಟಿ ತಟ್ಟುತ್ತಿದ್ದಳು. ರೊಟ್ಟಿ ಹರಿದಿತ್ತು. ಅಮ್ಮ ನಗುತ್ತಿದ್ದಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತು...

“ಯಾರನ್ನ ಕೇಳಿ ಇವರನ್ನ ಕರ್ಕೊಂಡು ಬಂದ್ರಿ?” ಅಂತ ಕೂಗಿದೆ.

ಗಂಗವ್ವ ಕೈ ನಿಲ್ಲಿಸಲಿಲ್ಲ. “ಕೀಲಿ ಹಾಕಿ ಹೋಗೂ ಮಂದಿನ್ನ ಏನ್ ಕೇಳೂದೈತ್ರಿ? ನಾ ಹಪ್ಪಳ ಒಣಗಸಾಕ ಮಾಳಗಿ ಹತ್ತಿದ್ರ, ಇವರು ಗ್ವಾಡಿ ಹಿಡ್ಕೊಂಡು ಅಳಾಕತ್ತಿದ್ರು. ಯಾರೋ ಕೂಡಿ ಹಾಕ್ಯಾರ ಅಂದ್ರು. ಮಕ್ಕಳು ಅದಾರೇನ್ರಿ ಅಂತ ಕೇಳಿದ್ರ, ಇಲ್ಲ ಅಂದ್ರು. ಅವತ್ತಿಂದ ಹಗಲೆಲ್ಲಾ ಇಲ್ಲೇ ಕುಂದರಸ್ಕೊಂಡು, ನೀವು ಬರೂದ್ರೊಳಗ ತಿರುಗಿ ಬಿಟ್ಟು ಬರ್ತೀವಿ.”

“ನಾನು ಮಗಳು!”

“ನಮಗ ಹೆಂಗ ಗೊತ್ತಾಗಬೇಕ್ರಿ? ಆಸ್ತಿ ಸಲುವಾಗಿ ಯಾರದೋ ಮುದುಕಿನ್ನ ತಂದು ಇಟ್ಟಾರ ಅಂತ ಓಣ್ಯಾಗೆಲ್ಲಾ ಮಾತಾಗೈತಿ. ನಾಳೆ ಠಾಣೆಗೆ ಹೋಗವರಿದ್ವಿ.”

ಅಂದರೆ ಆ ಬಳೆಯವನು, ಆ ಕಿರಾಣಿಯವನು, ಎಲ್ಲರೂ ಕಾವಲು ಕಾದಿದ್ದು ನನ್ನನ್ನು! ನಾನು ಅಮ್ಮನ ಮುಂದೆ ಕುಳಿತೆ. “ಅಮ್ಮಾ, ನಾನ್ಯಾರು ಅಂತ ಇವರಿಗೆ ಹೇಳು.” ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಹರಿದ ರೊಟ್ಟಿಯ ಚೂರೊಂದನ್ನು ಮುಂದೆ ಹಿಡಿದು, “ತಗೊಳ್ಳಿ, ಬಿಸಿಯಾಗಿದೆ,” ಅಂದಳು. ತಗೊಳ್ಳಿ! ಹೊರಗಿನವರಿಗೆ ಹೇಳುವ ಹಾಗೆ. ಬೆಳಿಗ್ಗೆ ಹೆಸರು ಹಿಡಿದು ಕರೆಯುತ್ತಾಳೆ ಅಪ್ಪಾ, ಮಧ್ಯಾಹ್ನಕ್ಕೆ ನಾನು ಅವಳಿಗೆ ಯಾರೂ ಅಲ್ಲ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಯಾವ ಮಧ್ಯಾಹ್ನ ನಾನು ಮನೆಯಲ್ಲಿದ್ದೆ?

ಅತ್ತುಬಿಟ್ಟೆ. ಆಗ ಗಂಗವ್ವ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ನನ್ನ ಗದ್ದ ಎತ್ತಿ, ಅಮ್ಮನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿದಳು. “ಮೂಗು ನೋಡ್ರೇ, ಅಚ್ಚು ಒತ್ತಿದಂಗ ಐತಿ,” ಅಂತ ಹೆಂಗಸರಿಗೆ ಹೇಳಿದಳು. ಆಮೇಲೆ ನನಗೆ, “ಕುಂದರ್ರಿ ಅಕ್ಕಾರ. ಉಂಡು ಹೋಗ್ರಿ.”

ಕಳೆದ ವಾರ ಅಮ್ಮನನ್ನು ಊರ ಹೊರಗಿನ ಸತ್ತೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮರೆವು ಹಿಂದಕ್ಕೆ ಹೋಗುವುದಿಲ್ಲವಂತೆ, ಜನರ ನಡುವೆ ಇರಲಿ ಅಂದರು ಡಾಕ್ಟರು. ಈಗ ಬೆಳಿಗ್ಗೆ ಅಮ್ಮನನ್ನು ಗಂಗವ್ವನ ನಡುಮನೆಗೆ ಬಿಟ್ಟೇ ಆಫೀಸಿಗೆ ಹೋಗುತ್ತೇನೆ. ಹಾಗಂತ ನನ್ನ ಅನುಮಾನ ಸತ್ತಿದೆ ಅಂದುಕೊಳ್ಳಬೇಡ. ಬಿಸಿ ಒಲೆ, ಬೀದಿಗೆ ತೆರೆದ ಬಾಗಿಲು... ಫೋನು ಮಾಡುತ್ತಲೇ ಇರುತ್ತೇನೆ. “ನಿಮ್ಮವ್ವನ್ನ ನಾವೇನ್ ಮಾರ್ಕೊಂಡ್ ತಿಂತೇವೇನ್ರಿ?” ಅಂತ ಗಂಗವ್ವ ಬೈಯುತ್ತಾಳೆ. ಬೈದ ಮೇಲೆ, ಏನು ತಿಂದಳು, ಎಷ್ಟು ಹೊತ್ತು ಮಲಗಿದಳು, ಎಲ್ಲ ಹೇಳುತ್ತಾಳೆ.

ನಿನಗೆ ಹೇಳಬೇಕಾದ ಸುದ್ದಿ ನಿನ್ನೆಯದು. ಸಂಜೆ ಅಮ್ಮನನ್ನು ಕರೆತರಲು ಹೋದಾಗ, ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸೊಬ್ಬಳು ಬಾಗಿಲಲ್ಲೇ ನನ್ನನ್ನು ತಡೆದು, “ಇವರ್ಯಾರ್ರಿ?” ಅಂದಳು. ಗಂಗವ್ವ ಬಾಯಿ ತೆರೆಯುವ ಮೊದಲೇ ಅಮ್ಮ ಸೆರಗು ಕೊಡವಿ ಎದ್ದಳು.

“ನಮ್ಮನೇಲೇ ಇರ್ತಾಳೆ ಕಣಮ್ಮ. ಹೆಸರು ಗೊತ್ತಿಲ್ಲ. ಒಳ್ಳೇ ಹುಡುಗಿ, ನಂಬಬಹುದು.”

ನಿನ್ನ
ಶೈಲಾ