ಪೆಟ್ಟಿಗೆಯ ಜಾಗ

ವೈಫೈ ಜೋಡಿಸಿಕೊಟ್ಟ ಮೆಕ್ಯಾನಿಕ್ ಅವರಿಗೆ ನಮಸ್ಕಾರ.

ಹೋದ ವಾರ ನೀವು ನಮ್ಮ ಮನೆಯ ನಾಲ್ಕೂ ಕಂಪ್ಯೂಟರ್‌ಗಳಿಗೆ ಸೇರಿ ಒಂದೇ ಪೆಟ್ಟಿಗೆಯನ್ನು ನನ್ನ ವಾರಗಿತ್ತಿಯ ಕೋಣೆಯಲ್ಲಿ ಕೂರಿಸಿದಿರಿ. ಅಂದಿನಿಂದ ನನ್ನ ಮಕ್ಕಳಿಬ್ಬರೂ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಅವಳ ಮಂಚದ ಮೇಲೆಯೇ ಠಿಕಾಣಿ ಹೂಡಿದ್ದಾರೆ. ಕರೆದರೆ, "ಚಿಕ್ಕಮ್ಮನ ರೂಮಲ್ಲಿ ಸಿಗ್ನಲ್ ಚೆನ್ನಾಗಿ ಬರುತ್ತಮ್ಮ" ಅನ್ನುತ್ತಾರೆ. ಗೋಡೆಯಾಚೆಯಿಂದ ಮೂವರ ನಗು ಕೇಳಿಸುತ್ತದೆ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಎಲ್ಲರ ಅನುಕೂಲಕ್ಕೆ ಹೇಳುತ್ತಿದ್ದೇನೆ.

ದಯವಿಟ್ಟು ನಾಳೆಯೇ ಬಂದು ಪೆಟ್ಟಿಗೆಯನ್ನು ನನ್ನ ಕೋಣೆಗೆ ಬದಲಾಯಿಸಿಕೊಡಿ. ಹೊಲಿಗೆ ಯಂತ್ರವನ್ನು ಸರಿಸಿ ಜಾಗ ಮಾಡಿದ್ದೇನೆ. ಎರಡು ಕುರ್ಚಿಗಳನ್ನೂ ಹಾಕಿಟ್ಟಿದ್ದೇನೆ.

ನನ್ನ ಕೋಣೆಯಲ್ಲೂ ಸಿಗ್ನಲ್ ಅಷ್ಟೇ ಚೆನ್ನಾಗಿದೆಯೆಂದು ಅವತ್ತೇ ನೀವು ತೋರಿಸಿದ್ದು ನೆನಪಿದೆ. ಆ ಮಾತನ್ನು ಮಾತ್ರ ಮಕ್ಕಳ ಮುಂದೆ ಎತ್ತಬೇಡಿ.

ಇಂತಿ,
ಅವರ ಹೆತ್ತ ತಾಯಿ