ಹೇಝಲ್ ಹಾಡಿದ ನಾಲ್ಕು ಮಾತು

ಮೋರ್‌ಕಾಂಬ್,
9 ಫೆಬ್ರವರಿ 2019, ಶನಿವಾರ

ಪ್ರೀತಿಯ ಲಿಯಾನ್‌ಗೆ,

ನಿನ್ನ ಪತ್ರದಲ್ಲಿ ನೀನು ನನ್ನನ್ನು ‘ಮಾನ್ಯ ಆರ್ಮರಾಡ್ ಅವರೇ’ ಎಂದು ಕರೆದಿದ್ದೀಯ. ಓದಿ ನಗು ಬಂತು, ಆಮೇಲೆ ಬೇಸರವೂ ಆಯಿತು. ಬರ್ನ್ಲಿಯ ಕಾರ್ಮಿಕರ ಕ್ಲಬ್ಬಿನಲ್ಲಿ ಪಿಯಾನೋದ ಕೆಳಗೆ ಕೂತು ಚಿಪ್ಸ್ ಪೊಟ್ಟಣಗಳನ್ನು ಖಾಲಿ ಮಾಡುತ್ತಿದ್ದ ಏಳು ವರ್ಷದ ಹುಡುಗಿ ನನ್ನನ್ನು ‘ಕ್ಲೈವ್ ಮಾಮ’ ಎನ್ನುತ್ತಿದ್ದಳು. ‘ಮಾಮ, ಯಾವಾಗ್ಲೂ ಕಿವಿ ಮುಚ್ಕೊಂಡೇ ಇರ್ತೀಯಲ್ಲ, ಚಳೀನಾ?’ ಎಂದು ನನ್ನ ಹೆಡ್‌ಫೋನ್ ಎಳೆಯುತ್ತಿದ್ದಳು. ನಾನು ಅವಳಿಗೇ ಬರೆಯುತ್ತಿದ್ದೇನೆ ಎಂದುಕೊಂಡು ನೀನು ಎನ್ನುತ್ತಿದ್ದೇನೆ. ತಪ್ಪಿದ್ದರೆ ಹೊಡೆದುಹಾಕಿ ಓದಿಕೋ.

ನಿನ್ನ ಪತ್ರ ಬಂದು ಏಳು ವಾರವಾಯಿತು. ಉತ್ತರ ತಡವಾದುದಕ್ಕೆ ಕಾಯಿಲೆ ಎಂದು ಬರೆಯಬಹುದಿತ್ತು. ಕಾಯಿಲೆಯೇನೂ ಇರಲಿಲ್ಲ. ಕುಣಿಯುವವರಿಗೆಂದು ನಾನು ಮಾಡಿದ ರೆಕಾರ್ಡುಗಳೆಲ್ಲ ಹೀಗೆಯೇ ಶುರುವಾಗುತ್ತವೆ. ಮೊದಲು ಒಂದು ನಿಮಿಷ ಬರೀ ಡ್ರಮ್ಮು, ಹಾಡುವವರ ಸುಳಿವೇ ಇರುವುದಿಲ್ಲ. ಡಿಜೆಗಳಿಗೆ ಹಿಂದಿನ ರೆಕಾರ್ಡಿಗೆ ಇದನ್ನು ಹೆಣೆದುಕೊಳ್ಳಲು ಅಷ್ಟು ಸಮಯ ಬೇಕು. ನನಗೂ ವಿಷಯಕ್ಕೆ ಬರಲು ಅಷ್ಟು ಸಮಯ ಬೇಕಾಗುತ್ತದೆ ಎಂದು ನನ್ನ ಹೆಂಡತಿ ಪಾಲೀನ್ ಹಂಗಿಸುತ್ತಿದ್ದಳು. ಹೆಂಡತಿಯಾಗಿದ್ದವಳು ಎನ್ನಬೇಕು. ಅವಳು ಬಿಟ್ಟುಹೋಗಿ ಹನ್ನೊಂದು ವರ್ಷವಾಯಿತು.

ನಿನ್ನ ಅಮ್ಮ ಹೇಝಲ್ ತೀರಿಕೊಂಡದ್ದು ನಿನ್ನ ಪತ್ರದಿಂದಲೇ ತಿಳಿಯಿತು ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಅದೂ ಸುಳ್ಳು. ನವೆಂಬರಿನಲ್ಲೇ ಊರಿನ ಪತ್ರಿಕೆಯಲ್ಲಿ ನೋಡಿದ್ದೆ. ಅಂತ್ಯಕ್ರಿಯೆಯ ದಿನ ಕಪ್ಪು ಕೋಟು ತೊಟ್ಟು ರೈಲು ಹತ್ತಿದೆ. ಪ್ರೆಸ್ಟನ್ನಿನಲ್ಲಿ ಬರ್ನ್ಲಿಯ ರೈಲಿಗೆ ಬದಲಾಯಿಸಬೇಕಿತ್ತು. ಅಲ್ಲಿ ಒಂದು ಮಾಂಸದ ಪೈ ತಿಂದು, ಎರಡು ರೈಲು ಹೋಗುವುದನ್ನು ನೋಡಿ, ವಾಪಸು ಬಂದೆ. ಅಂತ್ಯಕ್ರಿಯೆಯಲ್ಲಿ ಆಕೆಯ ಹಾಡನ್ನು ಹಾಕಿದರೆಂದೂ, ನಿನ್ನ ಚಿಕ್ಕಪ್ಪ ಬೆಂಚಿನ ಮೇಲೆ ತಾಳ ಹಾಕಿದರೆಂದೂ ನೀನು ಬರೆದಿದ್ದೀಯ. ‘ಅದು ನಮ್ಮಮ್ಮ ಅಲ್ಲ, ಅದೊಂದು ಯಂತ್ರ’ ಎಂದು ನಿನಗೆ ಅನಿಸಿತಂತೆ. ನಿನ್ನ ಮಾತು ಸರಿ. ಏಳೂವರೆ ನಿಮಿಷದ ಆ ರೆಕಾರ್ಡಿನಲ್ಲಿ ನಿನ್ನ ಅಮ್ಮ ಇರುವುದು ಎರಡೂವರೆ ಸೆಕೆಂಡು. ‘ಟೀಗೆ ಇಟ್ಟಿದ್ದೀನಿ, ಮನೆಗೆ ಬಾ.’ ಅದನ್ನೇ ನಾನು ತೊಂಬತ್ತಾರು ಸಲ ತಿರುಗಿಸಿದ್ದೇನೆ.

ನೀನು ಕೇಳಿರುವುದು ಒಂದೇ. ಆಸ್ಪತ್ರೆಯಲ್ಲಿ ಹೇಝಲ್ ನಿನಗೆ ಹೇಳಿದಳಂತೆ: ‘ಆ ಹಾಡಿನ ಮೂರ್ನೇ ಚರಣ ನಿಂದು ಕಣೇ. ಪೂರ್ತಿ ಟೇಪು ಕ್ಲೈವ್ ಹತ್ರ ಭದ್ರವಾಗಿದೆ. ಕೇಳಿ ಇಸ್ಕೋ.’ ನೀನೇ ಹಾಡು ಎಂದರೆ, ‘ಬಾಯಿ ತೆಗೆಯೋಕೂ ಮನಸ್ಸಿಲ್ಲ, ಟೇಪಲ್ಲಿ ನಾನು ಚೆನ್ನಾಗಿದೀನಿ, ಅದನ್ನೇ ಕೇಳು’ ಎಂದಳಂತೆ.

ಲಿಯಾನ್, ಟೇಪು ಇಲ್ಲ. ಇಪ್ಪತ್ತೆಂಟು ವರ್ಷದಿಂದ ಇಲ್ಲ.

ಹೇಗಾಯಿತೆಂದು ಹೇಳುತ್ತೇನೆ. 1991ರಲ್ಲಿ ನನಗೆ ಇಪ್ಪತ್ತಾರು. ಹಗಲು ರೆಕಾರ್ಡ್ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತು ಅಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ದನಿಯ ತುಣುಕುಗಳನ್ನು ಹಿಡಿದು ಮತ್ತೆ ಮತ್ತೆ ನುಡಿಸುವ ಸ್ಯಾಂಪ್ಲರ್ ಯಂತ್ರದ ಮುಂದೆ. ಹೇಝಲ್ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದಳು, ಶನಿವಾರ ಕ್ಲಬ್ಬಿನಲ್ಲಿ ಎರಡು ಬಿಂಗೋ ಆಟಗಳ ನಡುವೆ ಹಾಡುತ್ತಿದ್ದಳು. ರಾಯ್ಸ್ಟನ್ ಎಂಬವನು ಒಂದು ಸಣ್ಣ ರೆಕಾರ್ಡ್ ಕಂಪನಿ ನಡೆಸುತ್ತಿದ್ದ. ಆಕೆ ತಾನೇ ಕಟ್ಟಿದ ಆ ಹಾಡನ್ನು ಕೇಳಿ ಅವನು ಮನಸೋತ. ಹಳೆ ಗಿರಣಿಯೊಂದರ ಸ್ಟುಡಿಯೋದಲ್ಲಿ ಆಕೆಯ ದನಿ, ಒಂದು ಪಿಯಾನೋ, ಅಷ್ಟನ್ನೇ ಟೇಪು ಮಾಡಿಸಿದ. ದೊಡ್ಡ ರೀಲನ್ನು ಸ್ಟುಡಿಯೋದವರು ಮುಂದಿನ ಗಿರಾಕಿಗೆ ಬಳಸಿಬಿಟ್ಟರು. ಬಡ ಸ್ಟುಡಿಯೋಗಳಲ್ಲಿ ಅದೇ ರೂಢಿ. ಉಳಿದದ್ದು ಅದರ ಪ್ರತಿಯಿದ್ದ, ಬೆಂಕಿಪೊಟ್ಟಣದಷ್ಟು ಪುಟ್ಟ ಟೇಪು ಒಂದೇ. ಅದು ನನ್ನ ಕೈಗೆ ಬಂತು. ರೆಕಾರ್ಡಿನ ಒಂದು ಬದಿಗೆ ಹೇಝಲಳ ಹಾಡು, ಹಿಂಬದಿಗೆ ನಾನು ಮಾಡಿದ ಕುಣಿತದ ರೀಮಿಕ್ಸ್ ಎಂದು ತೀರ್ಮಾನವಾಗಿತ್ತು.

ನಾನು ನನಗೆ ಬೇಕಾದ ನಾಲ್ಕು ಮಾತನ್ನು ಫ್ಲಾಪಿಗೆ ತೆಗೆದುಕೊಂಡು ರೀಮಿಕ್ಸ್ ಮುಗಿಸಿದೆ. ಅಂದು ಭಾನುವಾರ ಮಧ್ಯಾಹ್ನ, ಅಂಗಡಿಗಳೆಲ್ಲ ಮುಚ್ಚಿದ್ದವು. ಸೋಮವಾರ ಬೆಳಗ್ಗೆ ರೆಕಾರ್ಡ್ ಅಚ್ಚಿಗೆ ಹೋಗಬೇಕು. ಮುಗಿದ ಕೆಲಸವನ್ನು ಇಳಿಸಿಕೊಳ್ಳಲು ಕೈಗೆ ಸಿಕ್ಕ ಟೇಪನ್ನು ಯಂತ್ರಕ್ಕೆ ತುರುಕಿದೆ. ಅದು ಹೇಝಲಳ ಟೇಪಾಗಿತ್ತು. ಅಮ್ಮ ಕೆಳಗಿನಿಂದ ‘ಕ್ಲೈವ್, ಊಟ ಆರಿಹೋಗ್ತಿದೆ ಕಣೋ!’ ಎಂದು ಕೂಗಿದಾಗ ಅದು ಅಳಿಸಿಹೋಗಿತ್ತು.

ಟೇಪು ಯಂತ್ರಕ್ಕೆ ಸಿಕ್ಕಿ ಹಾಳಾಯಿತು ಎಂದು ರಾಯ್ಸ್ಟನ್‌ಗೆ ಹೇಳಿದೆ. ಅವನು ತಲೆ ಚಚ್ಚಿಕೊಂಡ, ಆಮೇಲೆ ಎರಡೂ ಬದಿಗೆ ನನ್ನ ರೀಮಿಕ್ಸನ್ನೇ ಹಾಕಿಸಿದ. ಹೇಝಲ್‌ಗೆ ಮಾತ್ರ ಟೇಪು ಭದ್ರವಾಗಿದೆ, ಮುಂದಿನ ರೆಕಾರ್ಡಿಗೆ ಇಟ್ಟುಕೊಂಡಿದ್ದೇವೆ ಎಂದೆ. ಆಕೆಯ ಮುಖ ಸಣ್ಣಗಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ‘ಆಗ್ಲಿ ಬಿಡೋ, ನಿಂದು ಓಡಿದ್ರೆ ನಂದೂ ಹಿಂದಿಂದ ಬರುತ್ತೆ’ ಎಂದಳು.

ನನ್ನದು ಓಡಿತು, ನಿನಗೂ ಗೊತ್ತು. ಆ ಬೇಸಿಗೆ ಇಡೀ ಇಂಗ್ಲೆಂಡಿನ ಹುಡುಗರು ಗೋದಾಮುಗಳಲ್ಲಿ, ಹೊಲಗಳಲ್ಲಿ ಬೆವರಿ, ಅಂಗಿ ಕಳಚಿ, ‘ಟೀಗೆ ಇಟ್ಟಿದ್ದೀನಿ, ಮನೆಗೆ ಬಾ’ ಎಂದು ಅರಚಿದರು. ಅವರಲ್ಲಿ ಒಬ್ಬರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ. ಲಂಡನ್ನಿನ ಕಂಪನಿಗಳು ನನಗೆ ದೊಡ್ಡ ದೊಡ್ಡವರ ಹಾಡುಗಳನ್ನು ಅಂಚೆಯಲ್ಲಿ ಕಳಿಸತೊಡಗಿದವು. ಹದಿನೈದು ವರ್ಷ ಅದೇ ಬದುಕು. ರಾಟರ್‌ಡ್ಯಾಮ್, ಇಬಿಜಾ, ಬರ್ಲಿನ್. ನೂರಾರು ಗಾಯಕಿಯರ ದನಿಗಳ ಜೊತೆ ವಾರಗಟ್ಟಲೆ ಒಂದೇ ಕೋಣೆಯಲ್ಲಿ ಇದ್ದವನು ನಾನು. ಅವರ ಪೈಕಿ ಮೂವರನ್ನೂ ಮುಖತಃ ನೋಡಿಲ್ಲ. ಬಂದ ಹಾಡಿನಲ್ಲಿ ಬೇಕಾದ ಒಂದು ಸಾಲು ಇಟ್ಟುಕೊಂಡು ಉಳಿದದ್ದನ್ನು ಬಿಸಾಡುವುದೇ ನನ್ನ ಕಸುಬು. ‘ನೀನು ನನ್ನ ಮಾತನ್ನೂ ಹಾಗೇ ಕೇಳ್ತೀಯ ಕ್ಲೈವ್, ನಿಂಗೆ ಬೇಕಾದಷ್ಟು ಕತ್ತರಿಸ್ಕೊಂಡು’ ಎಂದು ಪಾಲೀನ್ ಹೋಗುವ ದಿನ ಹೇಳಿದಳು. ನಾನು ಅದರಲ್ಲೂ ಕೊನೆಯ ನಾಲ್ಕು ಪದವನ್ನಷ್ಟೇ ಕೇಳಿಸಿಕೊಂಡೆ.

ಹೇಝಲ್ ಕ್ಲಬ್ಬಿನಲ್ಲಿ ಆ ಹಾಡನ್ನು ಹಾಡುವುದನ್ನು ನಾನು ಕೊನೆಯ ಬಾರಿ ನೋಡಿದ್ದು 1993ರಲ್ಲಿ. ಪಿಯಾನೋ ಶುರುವಾಯಿತು, ಆಕೆ ಮೊದಲ ಸಾಲಿಗೆ ಬಾಯಿ ತೆರೆದಳು. ಹಿಂದಿನ ಮೇಜುಗಳ ಹುಡುಗರು ನೆಲ ಕುಟ್ಟುತ್ತಾ ಆ ನಾಲ್ಕು ಮಾತನ್ನು ಕೂಗಿದರು, ನಿಲ್ಲಿಸಲೇ ಇಲ್ಲ. ಪ್ರೀತಿಯಿಂದಲೇ ಕೂಗಿದರು, ಅದೇ ಕಷ್ಟ. ಆಕೆ ನಗುತ್ತಾ ಕೈ ಬೀಸಿ ಕೆಳಗಿಳಿದಳು. ಬಿಂಗೋ ಶುರುವಾಯಿತು. ನನ್ನ ಪಕ್ಕ ಕೂತು, ‘ನೋಡೋ, ನನ್ನ ಹಾಡನ್ನ ನಾನು ಶುರು ಮಾಡೋಕ್ ಮುಂಚೆ ಅವ್ರೇ ಮುಗಿಸ್ಬಿಡ್ತಾರೆ’ ಎಂದಳು. ಬಿಂಗೋ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ‘ಟೇಪು ಭದ್ರವಾಗಿದೆ ಅಲ್ವೇನೋ?’ ಎಂದಳು. ಹೂಂ ಎಂದೆ. ಆಮೇಲೆ ನಾನು ಬರ್ನ್ಲಿಗೆ ಹೋಗುವುದನ್ನೇ ಬಿಟ್ಟೆ.

ಈಗ ಮೋರ್‌ಕಾಂಬಿನಲ್ಲಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿದ್ದೇನೆ. ಗುರುವಾರ ಮಧ್ಯಾಹ್ನ ವೃದ್ಧರ ನೃತ್ಯಕೂಟಕ್ಕೆ ಹಾಡು ಹಾಕುತ್ತೇನೆ, ವಾಲ್ಟ್ಸು, ಟ್ಯಾಂಗೊ. ಅಲ್ಲಿ ಯಾರಿಗೂ ನಾನು ಯಾರೆಂದು ಗೊತ್ತಿಲ್ಲ. ಎನಿಡ್ ಎಂಬ ಅಜ್ಜಿ, ‘ಏನಪ್ಪಾ, ಮದ್ವೆ ಆಗಿದ್ಯೋ, ಇಲ್ಲಾ ಬರೀ ಹಾಡು ಹಾಕ್ಕೊಂಡೇ ಇರ್ತೀಯೋ?’ ಎಂದು ಪ್ರತಿ ವಾರವೂ ಕೇಳುತ್ತಾರೆ. ಹೋದ ವಾರ ಕೇಳಿದ್ದು ಅವರಿಗೆ ಮರೆತಿರುತ್ತದೆ. ಅವರೊಬ್ಬರು ಬಿಟ್ಟರೆ ವಾರವಿಡೀ ನನ್ನನ್ನು ಮಾತನಾಡಿಸುವವರಿಲ್ಲ. ನನಗೆ ಒಂಟಿತನ ಅಭ್ಯಾಸವಾಗಿದೆ ಎಂದು ಬರೆಯಲು ಹೊರಟಿದ್ದೆ. ಅಭ್ಯಾಸವಾಗಿಲ್ಲ. ಬೆಳಗ್ಗೆ ಎದ್ದಕೂಡಲೇ ರೇಡಿಯೋ ಹಾಕುತ್ತೇನೆ, ಹಾಡಿಗಲ್ಲ, ಯಾರಾದರೂ ಮಾತಾಡಲಿ ಎಂದು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಈ ಏಳು ವಾರ ನಾನು ಸುಮ್ಮನೆ ಕೂತಿರಲಿಲ್ಲ. ಆ ಎರಡೂವರೆ ಸೆಕೆಂಡನ್ನು ಕಂಪ್ಯೂಟರಿಗೆ ಹಾಕಿ, ಎಳೆದು, ಮುರಿದು, ಜೋಡಿಸಿ, ಒಂದು ಪೂರ್ತಿ ಹಾಡು ಮಾಡಿದೆ. ಮಾತುಗಳು ನನ್ನವು, ದನಿ ಹೇಝಲಳದು. ಚೆನ್ನಾಗಿಯೇ ಬಂತು. ಅದನ್ನು ಕಳಿಸಿದ್ದರೆ ನೀನು ನಂಬುತ್ತಿದ್ದೆ, ಅಳುತ್ತಿದ್ದೆ, ನನಗೆ ಕೃತಜ್ಞತೆಯ ಪತ್ರವನ್ನೂ ಬರೆಯುತ್ತಿದ್ದೆ. ಲಕೋಟೆಯ ಮೇಲೆ ನಿನ್ನ ವಿಳಾಸವನ್ನೂ ಬರೆದಿದ್ದೆ. ಮೊನ್ನೆ ಇನ್ನೊಮ್ಮೆ ಕೇಳಿದಾಗ ಆಕೆ ನನ್ನ ಮಾತನ್ನು ಎಷ್ಟು ವಿಧೇಯಳಾಗಿ ಹಾಡುತ್ತಿದ್ದಾಳೆ ಎನಿಸಿತು. ಹೇಝಲ್ ಬದುಕಿದ್ದಾಗ ಯಾರ ಮಾತನ್ನೂ ಹಾಗೆ ಕೇಳಿದವಳಲ್ಲ. ಅಳಿಸಿಹಾಕಿದೆ.

ಈ ಪತ್ರದ ಜೊತೆ ಒಂದು ಸಿ.ಡಿ. ಇದೆ. ಅದರಲ್ಲಿರುವುದು ಆ ನಾಲ್ಕು ಮಾತಷ್ಟೇ, ಡ್ರಮ್ಮಿಲ್ಲದೆ, ಒಂದೇ ಸಲ. ಮೂರನೆಯ ಚರಣದಲ್ಲಿ ಏನಿತ್ತೋ ನನಗೆ ನೆನಪಿಲ್ಲ. ನನ್ನ ಕೆಲಸಕ್ಕೆ ಬೇಕಾದ್ದನ್ನು ಮಾತ್ರ ಕೇಳುವ ಕಿವಿ ನನ್ನದು. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಅಮ್ಮ ನನ್ನನ್ನು ನಂಬಿಯೇ ಕಣ್ಣು ಮುಚ್ಚಿದಳು ಎಂಬುದು ನನಗೆ ಸಾಕಷ್ಟು ಶಿಕ್ಷೆ. ನೀನು ಚೆನ್ನಾಗಿರು.

ನಿನ್ನ,
ಕ್ಲೈವ್ ಆರ್ಮರಾಡ್

ತಾ.ಕ.: ಲಕೋಟೆ ಅಂಟಿಸಿ, ಅಂಚೆ ಪೆಟ್ಟಿಗೆಯವರೆಗೆ ಹೋಗಿ, ಹಾಕಲಾರದೆ ತಂದು ಮತ್ತೆ ಒಡೆದಿದ್ದೇನೆ. ಆ ಭಾನುವಾರ ನನ್ನ ಡ್ರಾಯರಿನಲ್ಲಿ ಎರಡು ಹೊಸ ಟೇಪುಗಳಿದ್ದವು, ಲಿಯಾನ್. ಹೇಝಲಳ ಟೇಪನ್ನು ನಾನು ಗೊತ್ತಿದ್ದೇ ಹಾಕಿದೆ. ಅದಕ್ಕೆ ಮುಂಚೆ ಒಂದು ಸಲ ಮೊದಲಿಂದ ಕೊನೆಯವರೆಗೆ ಕೇಳಿದ್ದೆ. ಕೇಳಿ ಮುಗಿದಾಗ, ಈ ರೆಕಾರ್ಡು ಕೊಂಡವರು ತಿರುವಿ ನನ್ನ ಬದಿಯನ್ನು ಹಾಕುವುದೇ ಇಲ್ಲ ಎಂದು ನನಗೆ ಖಾತ್ರಿಯಾಯಿತು. ಹೊಟ್ಟೆ ಉರಿಯಿತು, ಭಯವೂ ಆಯಿತು. ಟೇಪು ಭದ್ರವಾಗಿದೆ ಎಂದು ಆಕೆಗೆ ಹೇಳಿದ್ದು ಆಕೆಯ ಮುಖ ನೋಡಲಾರದೆ ಅಲ್ಲ. ಹಾಳಾಯಿತು ಎಂದಿದ್ದರೆ ಮರುದಿನವೇ ಬಂದು ಮತ್ತೆ ಹಾಡಿಬಿಡುತ್ತಿದ್ದಳು.

ಮೂರನೆಯ ಚರಣ ನನಗೆ ಮರೆತೂ ಇಲ್ಲ. ಮರೆಯಲು ಪ್ರಯತ್ನಪಟ್ಟಿದ್ದೇನೆ. ಮೊದಲೆರಡು ಚರಣದಲ್ಲಿ ಆಕೆ ಕರೆಯುವುದು ಎಣ್ಣೆಬಾವಿಯ ಕೆಲಸಕ್ಕೆಂದು ಉತ್ತರ ಸಮುದ್ರಕ್ಕೆ ಹೋಗಿ ಮರಳಿ ಬಾರದ ನಿನ್ನ ಅಪ್ಪನನ್ನು. ಮೂರನೆಯದು ಹೀಗಿದೆ:

ಗೂಟದಲ್ಲಿ ಪುಟ್ಟ ಕೋಟು, ತೋಳು ಒಳಗೆ ಮಡಚಿದೆ,
ನಿನ್ನ ಮೂಗೇ ಹೊತ್ತ ಮಗು ಬೀದಿಯಲ್ಲಿ ಆಡಿದೆ.
ನೀನು ಬರದೆ ಹೋದರೇನು, ಮನೆಯು ಬರಿದು ಆಗಲಿಲ್ಲ,
ಎರಡು ಲೋಟ ತೊಳೆದು ಇಟ್ಟೆ, ಎರಡೂ ನಿನ್ನದಲ್ಲ.
ಕತ್ತಲಾಯ್ತು, ಆಟ ಸಾಕು, ಎಷ್ಟು ಕೂಗಲಿ, ಲಿಯಾನ್ —
ಟೀಗೆ ಇಟ್ಟಿದ್ದೀನಿ, ಮನೆಗೆ ಬಾ.

ನಾನು ತೆಗೆದುಕೊಂಡದ್ದು ಈ ಚರಣದ ಕೊನೆಯನ್ನೇ. ಮೂರೂ ಚರಣ ಮುಗಿಯುವುದು ಇದೇ ಮಾತಿನಿಂದ, ಆ ಮೂರು ಸಲದಲ್ಲಿ ಆಕೆ ನಗುತ್ತಾ ಹಾಡಿದ್ದು ಇದೊಂದೇ. ನಿನ್ನ ಹೆಸರಿನ ತುದಿ ಆ ಮಾತಿಗೆ ಅಂಟಿಕೊಂಡಿತ್ತು, ಅದನ್ನು ಕತ್ತರಿಸಿ ತೆಗೆಯಲು ನನಗೆ ಅರ್ಧ ದಿನ ಹಿಡಿಯಿತು. ರಾಗವನ್ನು ಕಾಗದದ ಮೇಲೆ ಬರೆಯಲು ನನಗೆ ಬರುವುದಿಲ್ಲ. ಫೋನ್ ನಂಬರು ಹಿಂಬದಿಯಲ್ಲಿದೆ. ಬೈಯಲು ಮಾಡಿದರೂ ಸರಿ, ಬೈದು ಮುಗಿಸಿದ ಮೇಲೆ ಇಡಬೇಡ, ಹಾಡಿ ತೋರಿಸುತ್ತೇನೆ. ನನ್ನ ದನಿ ಚೆನ್ನಾಗಿಲ್ಲ.